ಹಾಡಿನ ಕೊನೆಯ ಅಕ್ಷರ

ಗುಮ್ಮ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ನಲವತ್ತು ವರ್ಷದ ಹಿಂದೆ ಅವನು ಒಂದು ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ. ಅದರ ದಪ್ಪ ತಂತಿಗಳು ಗುಮ್ ಗುಮ್ ಎನ್ನುತ್ತಿದ್ದವು, ಅವನು ಮಾತ್ರ ತುಟಿ ಬಿಚ್ಚದೆ ಮೂಲೆಯಲ್ಲಿ ನಿಂತಿರುತ್ತಿದ್ದ. ಎರಡೂ ಸೇರಿ ಗೆಳೆಯರ ಬಾಯಲ್ಲಿ ಗುಮ್ಮನಾದ. ಬ್ಯಾಂಡು ಮೂರೇ ವರ್ಷಕ್ಕೆ ಚದುರಿಹೋಯಿತು. ಹೆಸರು ಉಳಿಯಿತು, ಒಂದು ಹಾಡೂ ಉಳಿಯಿತು.

ಅದು ಕ್ರಿಸ್‌ಮಸ್ ಹಾಡು. ಡಿಸೆಂಬರ್ ಬಂತೆಂದರೆ ರೇಡಿಯೋದಲ್ಲಿ, ಬಟ್ಟೆ ಅಂಗಡಿಯಲ್ಲಿ, ಆಸ್ಪತ್ರೆಯ ಲಿಫ್ಟಿನಲ್ಲಿ ಎಲ್ಲಿ ಹೋದರೂ ಅದೇ. ಚಳಿ ಬಂತು, ದೀಪ ಹತ್ತಿತು, ಅಂತ ಶುರುವಾಗಿ, ಪಲ್ಲವಿಯ ಕೊನೆಗೆ 'ಬಾಗಿಲು ಹಾಕಿಲ್ಲ, ಬಾ' ಅಂತ ಮುಗಿಯುತ್ತದೆ. ಆ 'ಬಾ' ಬಂದಾಗ ಗಿಟಾರು, ಡ್ರಮ್ಮು ಎಲ್ಲ ನಿಂತುಹೋಗಿ ಗುಮ್ಮನ ಬೇಸ್ ಒಂದೇ ನಾಲ್ಕು ಸಲ ಗುಮ್ಮೆನ್ನುತ್ತದೆ. ಆ ನಾಲ್ಕು ಗುಮ್ಮಿನ ಬಗ್ಗೆ ಗುಮ್ಮನಿಗೆ ಒಳಗೊಳಗೇ ಹೆಮ್ಮೆ ಇತ್ತು. ಮಿಕ್ಕ ಹಾಡಿನ ಬಗ್ಗೆ ಅವನು ತಲೆ ಕೆಡಿಸಿಕೊಂಡವನೇ ಅಲ್ಲ.

ಈಗ ಅವನಿಗೆ ಅರವತ್ತೈದು. ಹಲ್ಲಿನ ಸೆಟ್ಟು ಮಾಡುವುದು ಕೆಲಸ. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಕಳಿಸುತ್ತಾನೆ. ಕಿಟಕಿ ಪಕ್ಕದ ಉದ್ದ ಮೇಜಿನ ಮೇಲೆ ಯಾರ್‍ಯಾರದೋ ದವಡೆಗಳು ಸಾಲಾಗಿ ನಗುತ್ತಾ ಕೂತಿರುತ್ತವೆ.

ಡಿಸೆಂಬರ್ ಮೊದಲ ವಾರ ಮಧ್ಯಾಹ್ನದ ಹೊತ್ತಿಗೆ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತರು. ಅರವತ್ತರ ಹತ್ತಿರದ ವಯಸ್ಸು, ಭುಜಕ್ಕೆ ಚರ್ಮದ ಚೀಲ, ಕಂಬಿ ಹಿಡಿದು ಅಭ್ಯಾಸವಾದವರ ಹಾಗೆ ಒಂದು ಕೈ ಚೌಕಟ್ಟಿನ ಮೇಲೆ.

"ಸೆಟ್ಟು ಡಾಕ್ಟರ ಹತ್ರಾನೇ ತಗೋಬೇಕಮ್ಮ," ಎಂದ ಗುಮ್ಮ.

"ನನ್ನ ಹಲ್ಲು ಗಟ್ಟಿಯಾಗಿವೆ. ನಾನು ಹಾಡಿನ ವಿಷಯಕ್ಕೆ ಬಂದೆ," ಎಂದರು ಆಕೆ.

ಬಸ್ ಕಂಡಕ್ಟರಾಗಿ ನಿವೃತ್ತರಾಗಿದ್ದರಂತೆ. ಆ ಹಾಡಿಗೆ ಒಂದು ಅಭಿಮಾನಿ ಬಳಗ ಇದೆ ಅನ್ನುವುದೇ ಗುಮ್ಮನಿಗೆ ಗೊತ್ತಿರಲಿಲ್ಲ. ನಲವತ್ತು ಜನ ಇದ್ದಾರಂತೆ, ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ ಒಂದು ಗ್ರಂಥಾಲಯದ ಮಹಡಿಯಲ್ಲಿ ಸೇರಿ ಹಾಡು ಕೇಳಿ, ಹಾಡಿ, ಟೀ ಕುಡಿದು ಹೋಗುತ್ತಾರಂತೆ. ಈ ವರ್ಷ ಬಳಗ ಎರಡು ಹೋಳಾಗುವ ಹಾಗಾಗಿದೆಯಂತೆ.

"ಹಾಡಲ್ಲಿ ಯಾರನ್ನ 'ಬಾ' ಅಂತ ಕರೀತಾರೋ, ಅವರು ಬದುಕಿದ್ದಾರೆ ಅಂತ ಅರ್ಧ ಜನ. ಸತ್ತುಹೋಗಿದ್ದಾರೆ, ಅದಕ್ಕೇ ಆ ಸ್ವರ ಹಂಗೆ ನಡುಗುತ್ತೆ ಅಂತ ಇನ್ನರ್ಧ. ಲೆಕ್ಕದ ಮೇಷ್ಟ್ರು ಒಬ್ಬರಿದ್ದಾರೆ, ಹದಿನೆಂಟು ಪುಟ ಬರ್ಕೊಂಡು ಬಂದಿದ್ರು. ನೀವು ಅಲ್ಲೇ ಇದ್ದವರು. ಬಂದು ಒಂದು ಮಾತು ಹೇಳಿಬಿಡಿ."

"ನಾನು ತಂತಿ ನೋಡ್ಕೊಂಡಿದ್ದೆ ಕಣಮ್ಮ," ಎಂದ ಗುಮ್ಮ. ಆಮೇಲೆ ಸಂಕೋಚದಿಂದ, "ನೀವು ಯಾವ ಕಡೆ?" ಎಂದು ಕೇಳಿದ.

ಆಕೆ ಮೇಜಿನ ದವಡೆಗಳನ್ನು ನೋಡುತ್ತಾ ಹೇಳಿದರು. ಅವರ ತಮ್ಮ ಇಪ್ಪತ್ತು ವರ್ಷದವನಿದ್ದಾಗ ಅಪ್ಪನ ಜೊತೆ ಜಗಳ ಆಡಿ ಮನೆ ಬಿಟ್ಟ. ಮೂವತ್ತಮೂರು ವರ್ಷವಾಯಿತು. ಅಪ್ಪ ತೀರಿಕೊಂಡು ಒಂಬತ್ತು. ಪ್ರತಿ ಕ್ರಿಸ್‌ಮಸ್ ಸಂಜೆ ಅವರು ಬಾಗಿಲಿಗೆ ಚಿಲಕ ಹಾಕುವುದಿಲ್ಲ, ಸುಮ್ಮನೆ ಮುಂದೆ ಮಾಡಿರುತ್ತಾರೆ. "ನಂಗೆ ಬದುಕಿರೋರ ಕಡೆಗೇ ಇರಬೇಕು," ಎಂದರು.

ಬರುತ್ತೇನೆ ಎಂದು ಗುಮ್ಮ ಒಪ್ಪಿಕೊಂಡ. ಇಲ್ಲ ಅನ್ನುವುದಕ್ಕೆ ಬಾಯಿ ಬರಲಿಲ್ಲ.

ಅವತ್ತು ಸಂಜೆ ಮನೆಯಲ್ಲಿ ಹಾಡು ಹಾಕಿಕೊಂಡು ಮೊದಲ ಸಲ ಮಾತಿಗೆ ಕಿವಿಕೊಟ್ಟ. ಕೇಳುತ್ತಾ ಕೇಳುತ್ತಾ ಒಂಥರಾ ಆಯಿತು. ಕೊನೆಯ ಅಕ್ಷರ 'ಬಾ' ಅನ್ನಿಸಲಿಲ್ಲ. ಮತ್ತೆ ಹಾಕಿದ. ಈಗ 'ಬಾ' ಅನ್ನಿಸಿತು. ಮೂರನೇ ಸಲ ಎರಡೂ ಅಲ್ಲ ಅನ್ನಿಸಿತು. ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕರೆದು, "ಇಲ್ಲಿ ಏನು ಹೇಳ್ತಾನೆ ಕೇಳು," ಎಂದ.

"ನನ್ನ ಕೇಳಿದ್ರೆ? ಈ ಹಾಡು ಬಂದಾಗೆಲ್ಲ ನನಗೆ ಕೇಳ್ಸೋದು ನಿಮ್ಮ ಗುಮ್ ಗುಮ್ ಒಂದೇ," ಎಂದು ಆಕೆ ಒಳಗೆ ಹೋದಳು. ಇನ್ನೊಂದು ದಿನವಾಗಿದ್ದರೆ ಗುಮ್ಮ ಆ ಮಾತಿಗೆ ಉಬ್ಬಿಹೋಗುತ್ತಿದ್ದ.

ಡ್ರಮ್ಮಿನವನಿಗೆ ಫೋನ್ ಮಾಡಿದ. ದೂರದ ಊರಲ್ಲಿ ಮಗಳ ಮನೆಯಲ್ಲಿದ್ದ ಅವನು ತಡವರಿಸದೆ ಹೇಳಿದ, "ಅದರಲ್ಲೇನು ಅನುಮಾನ? ಹಾಕಿಲ್ಲಪ್ಪಾ ಅಂತಾನೆ. ಬಾಗಿಲು ಹಾಕಿಲ್ಲಪ್ಪಾ."

"ಅಪ್ಪಾನಾ?"

"ಹೂಂ ಕಣೋ. ನಲವತ್ತು ವರ್ಷದಿಂದ ಹಂಗೇ ಹಾಡ್ಕೊಂಡು ಬಂದಿದೀನಿ."

ಫೋನ್ ಇಟ್ಟಮೇಲೆ ಗುಮ್ಮನಿಗೆ ರೆಕಾರ್ಡಿಂಗ್ ದಿನ ನೆನಪಾಯಿತು. ಗಾಯಕನಿಗೆ ಅವತ್ತು ದವಡೆ ಹಲ್ಲು ನೋವು, ಕೆನ್ನೆ ಬನ್ನಿನ ಹಾಗೆ ಊದಿಕೊಂಡಿತ್ತು. ಸ್ಟುಡಿಯೋ ಸಿಗುವುದು ಅದೊಂದೇ ದಿನ ಅಂತ ಹಾಗೇ ಹಾಡಿದ್ದ. ಮಾತೆಲ್ಲ ಬಾಯಿಯ ಒಂದು ಪಕ್ಕದಿಂದ ಬಂದಿತ್ತು. ಜನ ನಡುಗುವ ಸ್ವರ ಅಂತ ಕಣ್ಣೀರಿಡುವುದು ಆ ಹಲ್ಲುನೋವಿಗೆ. ಗಾಯಕ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಕೇಳುವುದು ಯಾರನ್ನ?

ಗಾಯಕನ ತಂಗಿ ಒಬ್ಬಳಿದ್ದಳು. ಎರಡು ಬೀದಿ ಆಚೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟುಕೊಂಡಿದ್ದಳು. ಗುಮ್ಮ ಹೋದಾಗ ಹಬೆಯ ಮಧ್ಯೆ ನಿಂತು ಯಾರದೋ ಬಿಳಿ ಕೋಟಿನ ತೋಳು ತಿಕ್ಕುತ್ತಿದ್ದಳು.

"ಗುಮ್ಮಣ್ಣ, ಇಷ್ಟು ವರ್ಷಕ್ಕೆ ಈಗ ಕೇಳ್ತಿದ್ದೀಯಲ್ಲ," ಎಂದು ನಕ್ಕಳು. ಒಳಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಒಂದು ನೋಟ್‌ಬುಕ್ಕು ತಂದಳು. ಪುಟ ತೆಗೆದು ಬೆರಳಿಟ್ಟಳು.

ಗಾಯಕನ ಕೋಳಿಕಾಲಿನ ಅಕ್ಷರ ಗುಮ್ಮನಿಗೆ ಗುರುತು ಸಿಕ್ಕಿತು. 'ಬಾಗಿಲು ಹಾಕಿಲ್ವಾ?' ಎಂದು ಬರೆದಿತ್ತು. ಪ್ರಶ್ನೆ ಚಿಹ್ನೆಯನ್ನು ಎರಡು ಸಲ ಒತ್ತಿ ತಿದ್ದಿದ್ದ.

"ಇದು ಕರೆಯೋದಲ್ಲ," ಎಂದ ಗುಮ್ಮ.

"ಬಯ್ಯೋದು," ಎಂದಳು ತಂಗಿ. "ನಮ್ಮಪ್ಪಂಗೆ ಚಳಿ ಕಂಡ್ರೆ ಆಗ್ತಿರಲಿಲ್ಲ. ಹಾಸಿಗೇಲಿ ಮಲಗಿದ್ದಲ್ಲಿಂದ್ಲೇ ಕೂಗೋರು. ಬಾಗಿಲು ಹಾಕಿಲ್ವಾ, ದನಗಳಾ, ಅಂತ. ಅಣ್ಣ ಅದನ್ನ ಅಣಕಿಸೋಕೆ ಬರೆದಿದ್ದು. ತಮಾಷೆಗೆ."

"ಹಂಗಾದ್ರೆ ಇದು ತಮಾಷೆ ಹಾಡಾ?"

ಆಕೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ಹಂಗೂ ಹೇಳಕ್ಕಾಗಲ್ಲ. ಬರೀತಾ ಬರೀತಾ ಅತ್ತಿದ್ದ. ಅಪ್ಪ ತೀರ್ಕೊಂಡ ವರ್ಷ ಅದು. ಬಾಗಿಲು ತೆಗೆದಿಟ್ರೂ ಬಯ್ಯೋರಿಲ್ಲ ಅಂದಿದ್ದ ಒಂದಿನ. ತಮಾಷೆನೋ ಸಂಕಟನೋ ನಂಗೆ ಗೊತ್ತಾಗ್ಲಿಲ್ಲ. ಕೇಳೋಣ ಅಂದ್ರೆ ಊಟದ ಹೊತ್ತಾಗಿತ್ತು."

ನೋಟ್‌ಬುಕ್ಕು ಕಂಕುಳಲ್ಲಿಟ್ಟುಕೊಂಡು ಗುಮ್ಮ ಹೊರಬಂದ. ಬೀದಿಯ ತುದಿಯ ಔಷಧಿ ಅಂಗಡಿಯಲ್ಲಿ ಅದೇ ಹಾಡು ಬರುತ್ತಿತ್ತು. ಸಾಲಿನಲ್ಲಿ ನಿಂತಿದ್ದ ಒಬ್ಬ ಮುದುಕ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಅವನಿಗೆ ಏನು ಕೇಳಿಸುತ್ತಿದೆ, ಬಾ ಅಂತಲೋ, ವಾ ಅಂತಲೋ, ಅಪ್ಪಾ ಅಂತಲೋ? ಹೋಗಿ ಕೇಳಿಬಿಡಲೇ ಅನ್ನಿಸಿತು. ಕೇಳಿದರೆ ಹುಚ್ಚ ಅಂದಾರು ಅಂತ ಸುಮ್ಮನಾದ.

ಮುಂದಿನ ಹತ್ತು ದಿನ ಅವನಿಗೆ ನೆಮ್ಮದಿ ಇರಲಿಲ್ಲ. ಒಂದು ಸೆಟ್ಟಿನಲ್ಲಿ ಎಡದ ಕೋರೆಹಲ್ಲನ್ನು ಬಲಕ್ಕೆ ಕೂರಿಸಿ ವೈದ್ಯರ ಹತ್ತಿರ ಬೈಸಿಕೊಂಡ. ನಿಜ ಹೇಳಿದರೆ ಕಂಡಕ್ಟರಮ್ಮನ ಮೂವತ್ತಮೂರು ವರ್ಷ ಏನಾಗಬೇಕು? ಹೇಳದಿದ್ದರೆ ನೋಟ್‌ಬುಕ್ಕು ಏನಾಗಬೇಕು? ಹೆಂಡತಿಯನ್ನು ಕೇಳಿದರೆ, "ಕೇಳಿದ್ದಕ್ಕೆ ಉತ್ತರ ಹೇಳಿ, ಟೀ ಕುಡ್ಕೊಂಡು ಬನ್ನಿ," ಎಂದಳು. ಅವಳಿಗೆ ಎಲ್ಲವೂ ಅಷ್ಟು ಸಲೀಸು.

ಭಾನುವಾರ ಬಂತು. ಗ್ರಂಥಾಲಯದ ಮಹಡಿಯಲ್ಲಿ ಮಡಚುವ ಕುರ್ಚಿಗಳು, ಒಂದು ಹಳೆಯ ರೆಕಾರ್ಡ್ ಪ್ಲೇಯರು, ಕಾಗದದ ಲೋಟಗಳು. ಎಲ್ಲರೂ ಎದ್ದು ನಿಂತು ಗುಮ್ಮನ ಕೈ ಕುಲುಕಿದರು. ಒಬ್ಬಾಕೆ ಅವನ ಬೆರಳುಗಳನ್ನೇ ಹಿಡಿದು ನೋಡಿದರು, ನಾಲ್ಕು ಗುಮ್ಮು ಅಲ್ಲೇ ಎಲ್ಲೋ ಅಂಟಿಕೊಂಡಿವೆಯೇನೋ ಅನ್ನುವ ಹಾಗೆ. ಆಮೇಲೆ ಹಾಡು ಹಾಕಿದರು, ನಲವತ್ತು ಜನ ಒಟ್ಟಿಗೆ ಹಾಡಿದರು. ಪಲ್ಲವಿಯ ಕೊನೆ ಬಂದಾಗ ಗುಮ್ಮ ಕಿವಿ ನಿಮಿರಿಸಿದ. ಪಕ್ಕದವರು 'ಬಾ' ಎಂದಂತಾಯಿತು, ಹಿಂದಿನವರು 'ವಾ' ಎಂದಂತಾಯಿತು. ಯಾರ ಮುಖದಲ್ಲೂ ವ್ಯತ್ಯಾಸ ಕಾಣಲಿಲ್ಲ.

"ಈಗ ಹೇಳಿ ಸರ್," ಎಂದರು ಲೆಕ್ಕದ ಮೇಷ್ಟ್ರು. "ಬದುಕಿದ್ದಾರಾ, ಇಲ್ವಾ?"

ಗುಮ್ಮ ನೋಟ್‌ಬುಕ್ಕು ತೆರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅಪ್ಪನ ಚಳಿ, ಬೈಗುಳ, ಪ್ರಶ್ನೆ ಚಿಹ್ನೆ, ಹಲ್ಲುನೋವು, ಡ್ರಮ್ಮಿನವನ ಅಪ್ಪಾ, ಎಲ್ಲ. "ಇದರ ಮೇಲೆ ನನ್ನ ಕೇಳಬೇಡಿ. ನಾನು ಅವನಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. ನನಗೆ ಗೊತ್ತಿಲ್ಲ," ಎಂದು ಕೂತ.

ಆಮೇಲೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೋಟ್‌ಬುಕ್ಕಲ್ಲಿರೋದು ಕರಡು. ಕರಡನ್ನ ಸಾಕ್ಷಿ ಅಂತ ತಗೊಳ್ಳಕ್ಕಾಗಲ್ಲ. ಹಾಡೋವಾಗ ಅವರೇ ಬದಲಾಯಿಸಿರಬಹುದು."

"ಕೆನ್ನೆ ಊದಿದವರು ಏನು ಬದಲಾಯಿಸ್ತಾರೆ?" ಎಂದರು ಇನ್ನೊಬ್ಬರು.

"ಬೈದಿದ್ದಾರೆ ಅಂದ್ರೆ ಬೈಸ್ಕೊಂಡವರು ಬದುಕಿದ್ದಾರೆ ಅಂತಾಯ್ತಲ್ಲ."

"ಬೈದವರು ಸತ್ತಿದ್ದಾರಲ್ಲ."

ಹತ್ತು ನಿಮಿಷದಲ್ಲಿ ಎರಡಿದ್ದ ಪಂಗಡ ನಾಲ್ಕಾಯಿತು. ಗುಮ್ಮ ಅಲ್ಲಿದ್ದಾನೆ ಅನ್ನುವುದೇ ಅವರಿಗೆ ಮರೆತುಹೋಯಿತು. ಅಷ್ಟು ಸಂತೋಷವಾಗಿ ಜಗಳ ಆಡುವವರನ್ನು ಅವನು ನೋಡಿರಲಿಲ್ಲ. ಕಂಡಕ್ಟರಮ್ಮ ಮಾತ್ರ ಲೋಟದ ಅಂಚನ್ನು ಉಗುರಿನಿಂದ ಬಿಚ್ಚುತ್ತಾ ಕೂತಿದ್ದರು.

ಇಳಿಯುವಾಗ ಮೆಟ್ಟಿಲ ಮೇಲೆ ಗುಮ್ಮ ಅವರ ಜೊತೆಯಾದ. "ನಾನು ಹೇಳಬಾರದಿತ್ತೇನೋ," ಎಂದ.

"ಅದಲ್ಲ," ಎಂದು ಆಕೆ ಅಲ್ಲೇ ನಿಂತರು. "ನನ್ನ ತಮ್ಮ ಎಲ್ಲಿದ್ದಾನೆ ಅಂತ ನಂಗೆ ಗೊತ್ತು."

ಗುಮ್ಮನಿಗೆ ಅರ್ಥವಾಗಲಿಲ್ಲ.

"ಬಸ್ಸಲ್ಲಿ ನಾಲ್ಕು ಗಂಟೆ. ಸೈಕಲ್ ರಿಪೇರಿ ಅಂಗಡಿ ಇಟ್ಕೊಂಡಿದ್ದಾನೆ. ಆ ಊರಿನ ಡ್ರೈವರೊಬ್ಬ ಹೇಳಿದ್ದ, ನಂಬರೂ ತಂದುಕೊಟ್ಟಿದ್ದ. ಆರು ವರ್ಷ ಆಯ್ತು."

"ಮತ್ತೆ ಹೋಗಲಿಲ್ವಾ?"

"ಕರೀತಾನೇ ಇದ್ದೀನಿ ಅಂದ್ಕೊಂಡಿದ್ದೆ. ಪ್ರತಿ ವರ್ಷ ರೇಡಿಯೋದಲ್ಲಿ ಹಾಡು ಬರ್ತಿತ್ತಲ್ಲ, ಅವನೂ ಕೇಳ್ತಾನೆ, ಬಾ ಅಂದಿದ್ದು ಅವನಿಗೆ ತಿಳಿಯುತ್ತೆ ಅಂತ. ಬರೋದು ಬಿಡೋದು ಅವನಿಗೆ ಬಿಟ್ಟಿದ್ದು ಅಂತ. ಈಗ ನೀವು ನೋಡಿದ್ರೆ ಅದು ಬಾ ಅಲ್ಲ ಅಂತೀರಿ." ಆಕೆ ಕಂಬಿ ಹಿಡಿದುಕೊಂಡರು. "ಹಂಗಾದ್ರೆ ಅವನನ್ನ ಯಾರೂ ಕರೆದೇ ಇಲ್ಲ. ನಾನೂ ಕರೆದಿಲ್ಲ."

ಮರುದಿನ ಮಧ್ಯಾಹ್ನ ಅವರು ಗುಮ್ಮನ ಕೆಲಸದ ಕೋಣೆಗೇ ಬಂದರು. ಮನೆಯಲ್ಲಿ ಒಬ್ಬಳೇ ಕೂತು ಫೋನ್ ಮಾಡಲು ಧೈರ್ಯವಿಲ್ಲ ಎಂದರು. ಗುಮ್ಮ ಉಜ್ಜುವ ಯಂತ್ರ ನಿಲ್ಲಿಸಿದ. ಆಕೆ ನಂಬರು ಒತ್ತಿ, ಕಿಟಕಿಯ ಕಡೆ ತಿರುಗಿ, "ನಾನು. ಅಕ್ಕ," ಎಂದರು. ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡರು. ಎರಡು ಮೂರು ಸಲ ಹೂಂ ಅಂದರು. ಒಂದು ಸಲ, "ಬರ್ತೀಯಾ?" ಎಂದರು. ಫೋನ್ ಚೀಲಕ್ಕೆ ಹಾಕಿಕೊಂಡು ಸ್ಟೂಲಿನ ಮೇಲೆ ಕುಸಿದರು.

"ಅವನಿಗೆ ಆ ಹಾಡು ಕಂಡ್ರೆ ಆಗಲ್ವಂತೆ. ಬಂದ್ರೆ ರೇಡಿಯೋ ಆಫ್ ಮಾಡ್ತಾನಂತೆ. ಅಪ್ಪ ಹಿಂದಿಂದ ಬೈದ ಹಾಗೇ ಕೇಳ್ಸುತ್ತೆ ಅಂದ. ಮನೆ ಬಿಟ್ಟ ದಿನ ಬಾಗಿಲು ಹಾಕದೇನೇ ಹೋಗಿದ್ದನಲ್ಲ."

ಗುಮ್ಮ ಕೈಯಲ್ಲಿದ್ದ ದವಡೆಯನ್ನು ಮೇಜಿನ ಮೇಲಿಟ್ಟ. ನೋಟ್‌ಬುಕ್ಕು ನೋಡದೆ ಹಾಡನ್ನು ಸರಿಯಾಗಿ ಕೇಳಿಸಿಕೊಂಡವನು ಲೋಕದಲ್ಲಿ ಆ ತಮ್ಮನೊಬ್ಬನೇ ಇರಬೇಕು. ಅದಕ್ಕೆ ಸಂತೋಷ ಪಡಬೇಕೋ ದುಃಖ ಪಡಬೇಕೋ ತಿಳಿಯಲಿಲ್ಲ. "ಬರ್ತಾನಂತಾ?" ಎಂದು ಕೇಳಿದ.

"ಬರ್ತೀಯಾ ಅಂದೆ. 'ನೀನೇ ಬಾ' ಅಂದ. ಕರೆದನೋ, ಕೋಪದಲ್ಲಿ ಅಂದನೋ, ಒಂದೂ ಗೊತ್ತಾಗ್ಲಿಲ್ಲ."

"ಸ್ವರ ಹೇಗಿತ್ತು?"

"ಸ್ವರದ ಮಾತು ಬಿಡಿ. ನಂಗೆ ಇನ್ನು ಯಾವ ಸ್ವರದ ಮೇಲೂ ನಂಬಿಕೆ ಇಲ್ಲ," ಎಂದರು ಕಂಡಕ್ಟರಮ್ಮ. ಆದರೂ ಮರುದಿನ ಬೆಳಗಿನ ಬಸ್ಸು ಹತ್ತಿದರು.

ಹೋಗಿಬಂದ ಮೇಲೆ ಗುಮ್ಮನ ಮನೆಗೆ ಫೋನ್ ಮಾಡಿದರು. ಮೂರು ಗಂಟೆ ಅಂಗಡಿಯಲ್ಲಿ ಕೂತಿದ್ದರಂತೆ. ತಮ್ಮನ ತಲೆಯೆಲ್ಲ ಬೆಳ್ಳಗಾಗಿದೆಯಂತೆ, ಥೇಟ್ ಅಪ್ಪನ ಹಾಗೇ ಕಾಣುತ್ತಾನಂತೆ. ಅವನು ಟ್ಯೂಬಿಗೆ ಪ್ಯಾಚ್ ಹಾಕುತ್ತಿದ್ದ, ಇವರು ನೀರಿನ ಬೋಗುಣಿ ಹಿಡಿದುಕೊಂಡಿದ್ದರು. ಗುಳ್ಳೆ ಎಲ್ಲಿ ಬರುತ್ತಿದೆ ಅನ್ನುವುದು ಬಿಟ್ಟು ಬೇರೆ ಮಾತಾಡಲಿಲ್ಲ. ಹಳೆಯದನ್ನು ಅವನೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ.

"ಹೊರಡುವಾಗ ಬಸ್ ಸ್ಟಾಪಿನ ತನಕ ಬಂದ. ಬಸ್ಸು ಬಂತು, ನಾನು ಹತ್ತಿದೆ. ಆಗ 'ಗುರುವಾರ ಅಂಗಡಿ ರಜ' ಅಂದ. ಅಷ್ಟೇ. ರಜ ಇದೆ, ಬರಬೇಡ ಅಂದನೋ, ರಜ ಇದೆ, ಬಾ ಅಂದನೋ? ಕೇಳೋಷ್ಟರಲ್ಲಿ ಬಸ್ಸು ಹೊರಟುಬಿಡ್ತು. ನಿಮಗೇನನ್ಸುತ್ತೆ?"

ಗುಮ್ಮ ಯೋಚಿಸಿದ. ಹೀಗೂ ಅನ್ನಿಸಿತು, ಹಾಗೂ ಅನ್ನಿಸಿತು. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಡತಿ ಅವನ ಕೈಯಿಂದ ಫೋನ್ ತಗೊಂಡಳು.

"ಗುರುವಾರ ಹೋಗಿ," ಎಂದಳು.