ಧರ್ಮಪಾಲರ ಗುರುವಾರ

ಕಲ್ಯಾಣ ಸ್ಟೇಷನ್ನಿನ ಪಶ್ಚಿಮಕ್ಕೆ ಹೋಟೆಲು ಇಟ್ಟಿದ್ದ ಧರ್ಮಪಾಲರು 2012ರಲ್ಲಿ ಪ್ರತಿ ಗುರುವಾರ, ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ, ಗಲ್ಲಾವನ್ನು ಅಳಿಯನಿಗೆ ಬಿಟ್ಟು ಲೋಕಲ್ ರೈಲು ಹಿಡಿದು ಡೊಂಬಿವಲಿಗೆ ಹೋಗುತ್ತಿದ್ದರು. ಅಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಬಾಡಿಗೆ ಶೆಡ್ಡಿನಲ್ಲಿ ಹುಬ್ಬಳ್ಳಿಯ ಶೇಖರ ಎಂಬ ಇಂಜಿನಿಯರು ಒಂದು ಯಂತ್ರ ಕಟ್ಟಿದ್ದ. ಮೊಳದುದ್ದದ ಉಕ್ಕಿನ ಕೊಳವೆ, ಒಳಗೆ ಯಾವುದೋ ಲೋಹದ ಪುಡಿ, ಅದರ ಶಾಖಕ್ಕೆ ಹಬೆಯಾಗುವ ನೀರು. ಒಂದು ಪಾಲು ಕರೆಂಟು ಕೊಟ್ಟರೆ ಮೂರು ಪಾಲು ಶಾಖ ಬರುತ್ತದೆ ಎಂದು ಅವನ ವಾದ. ಎರಡು ಪರೀಕ್ಷೆಗಳ ಖರ್ಚನ್ನು ಧರ್ಮಪಾಲರೇ ಹಾಕಿದ್ದರು. ಎರಡರಲ್ಲೂ ಮೂರು ಪಟ್ಟು ಎಂದೇ ಬಂದಿತ್ತು, ಅಳೆದವನೂ ಶೇಖರನೇ.

ಮೂರನೆಯದಕ್ಕೆ ಹೊರಗಿನವರೊಬ್ಬರು ಬರಲೇಬೇಕೆಂದು ಅಳಿಯ ಸುನಿಲ ಹಟ ಹಿಡಿದ. “ಮಾವನಿಗೆ ಅರವತ್ತು ದಾಟಿದ ಮೇಲೆ ಕೋಟ್ಯಧಿಪತಿ ಆಗುವ ಆಸೆ” ಎಂದು ಅವನು ಮನೆಯಲ್ಲಿ ಹೇಳುತ್ತಿದ್ದುದು ಅವರ ಕಿವಿಗೂ ಬಿದ್ದಿತ್ತು. ಹಾಗೆ ಬಂದವಳು ಮೈಸೂರಿನ ಶ್ರೀವಿದ್ಯಾ. ಐರೋಲಿಯ ಕಂಪನಿಯೊಂದರಲ್ಲಿ ಬಾಯ್ಲರುಗಳ ಶಾಖ ಅಳೆಯುವುದು ಅವಳ ಕೆಲಸ.

ಯಂತ್ರದ ಪೈಪಿನ ತುದಿಯಲ್ಲಿ ಹಬೆ ಬುಸುಗುಡುತ್ತಿತ್ತು. ಶ್ರೀವಿದ್ಯಾ ಹಳೆಯ ಕಾಗದಗಳನ್ನು ಓದಿ ತಲೆಯೆತ್ತಿದಳು.

“ಒಳಗೆ ಹೋದ ನೀರೆಲ್ಲ ಹಬೆ ಆಗಿದೆ ಅಂತ ಬರೆದಿದ್ದೀರಲ್ಲ ಸರ್, ಹೇಗೆ ಗೊತ್ತಾಯ್ತು?”

“ಕಣ್ಣಿಗೆ ಕಾಣ್ತದಲ್ರೀ ಮೇಡಂ,” ಎಂದ ಶೇಖರ.

“ಹಬೆ ಜೊತೆ ನೀರೂ ಹಾಗೇ ಹೋಗ್ತಿದ್ರೆ ಅಷ್ಟು ಶಾಖ ಬೇಕಾಗಿಯೇ ಇರಲ್ಲ. ಅಳೆದೇ ನೋಡೋಣ.”

ಅವಳು ಒಂದು ಡ್ರಮ್ಮಿಗೆ ನಲವತ್ತು ಲೀಟರ್ ತಣ್ಣೀರು ತುಂಬಿಸಿ ಪೈಪಿನ ತುದಿಯನ್ನು ಅದರಲ್ಲಿ ಮುಳುಗಿಸಿದಳು. ಕೊಟ್ಟ ಕರೆಂಟಿಗೆ ಇಪ್ಪತ್ತು ನಿಮಿಷದಲ್ಲಿ ನೀರು ಸುಮಾರು ಹತ್ತು ಡಿಗ್ರಿ ಬಿಸಿಯಾಗಬೇಕು. ಶೇಖರನ ಮಾತು ನಿಜವಾಗಿದ್ದರೆ ಮೂವತ್ತು.

“ಥರ್ಮಾಮೀಟರ್ ನಾನು ಓದಬಹುದಾ?” ಧರ್ಮಪಾಲರು ಕುರ್ಚಿಯಿಂದ ಎದ್ದೇ ಬಿಟ್ಟಿದ್ದರು.

ಪಾದರಸದ ಮಟ್ಟಕ್ಕೆ ಸರಿಯಾಗಿ ಕಣ್ಣು ತರಬೇಕೆಂದು ಅವಳು ತೋರಿಸಿಕೊಟ್ಟಳು. ಅವರು ಕನ್ನಡಕ ಒರೆಸಿಕೊಂಡು ಡ್ರಮ್ಮಿನ ಪಕ್ಕ ಮಂಡಿಯೂರಿದರು. ಎರಡೆರಡು ನಿಮಿಷಕ್ಕೊಮ್ಮೆ ಗಟ್ಟಿಯಾಗಿ ಓದಿದರು, ಅವಳು ಬರೆದುಕೊಂಡಳು. ಇಪ್ಪತ್ತೆಂಟರಲ್ಲಿ ಶುರುವಾದದ್ದು ಮೂವತ್ತೇಳೂವರೆ ಡಿಗ್ರಿಯಲ್ಲಿ ನಿಂತಿತು, ಏರಿದ್ದು ಒಂಬತ್ತೂವರೆಯಷ್ಟೇ. ಅವರು ಮತ್ತೊಮ್ಮೆ ಬಾಗಿ ನೋಡಿ ಅದನ್ನೇ ಹೇಳಿದರು.

ಶೇಖರ ಯಂತ್ರದ ಸ್ವಿಚ್ಚು ಆರಿಸಿದ. ಆಮೇಲೆ, “ಪುಡಿ ಹಳೇದಾಗೇತ್ರೀ. ಹೊಸಾದು ಹಾಕಿ ಇನ್ನೊಮ್ಮೆ ಮಾಡೋಣು. ನಿಮ್ಮ ಹೋಟೆಲಿಗೆ ಅಕ್ಕಿ ಮೂಟಿ ಹೊರೋ ಬಾಲಪ್ಪನೂ ಪಾಲು ಹಾಕ್ತೀನಿ ಅಂದಾನ. ನೀವು ಅದೀರಿ ಅಂತ ಧೈರ್ಯ ಅವಂಗ,” ಎಂದ.

ಸ್ಟೇಷನ್ನಿಗೆ ಹೋಗುವ ರಿಕ್ಷಾದಲ್ಲಿ ಶ್ರೀವಿದ್ಯಾ ಮೆಲ್ಲಗೆ, “ನಿಮಗೆ ಬೇಜಾರಾಯ್ತೇನೋ ಸರ್,” ಎಂದಳು.

“ನನಗೆ ಮೊದಲೇ ಗೊತ್ತುಂಟು ಮಾರಾಯ್ತಿ. ನಲವತ್ತೈದು ವರ್ಷ ಇಡ್ಲಿ ಬೇಯಿಸಿದ್ದೇನೆ, ಹಸಿ ಹಬೆ ಯಾವುದು ಒಣ ಹಬೆ ಯಾವುದು ಅಂತ ಗೊತ್ತಾಗುವುದಿಲ್ವಾ? ಎರಡನೇ ಸಲವೇ ಸಂಶಯ ಬಂದಿತ್ತು.”

“ಮತ್ತೆ ಯಾಕೆ ದುಡ್ಡು ಹಾಕಿದ್ರಿ?”

ಅವರು ರಸ್ತೆಯ ಕಡೆಗೇ ನೋಡುತ್ತಿದ್ದರು. “ಮೂಡುಬಿದಿರೆಯಲ್ಲಿ ಎಂಟನೇ ಕ್ಲಾಸಿನಲ್ಲಿದ್ದೆ. ಒಂಬತ್ತಕ್ಕೆ ಹೋದರೆ ಲ್ಯಾಬಿನೊಳಗೆ ಬಿಡುತ್ತಿದ್ದರು. ಕಿಟಕಿಯಿಂದ ನೋಡುತ್ತಿದ್ದೆ, ದೊಡ್ಡ ಮಕ್ಕಳು ಏನೋ ಕಾಯಿಸುವುದು, ಬರೆಯುವುದು. ಆ ಬೇಸಿಗೆಯಲ್ಲೇ ಸೋದರಮಾವ ಇಲ್ಲಿಗೆ ಕರೆದುಕೊಂಡು ಬಂದರು, ಲೋಟ ತೊಳೆಯಲಿಕ್ಕೆ. ಆಮೇಲೆ ಎಲ್ಲ ಆಯ್ತು, ಹೋಟೆಲು, ಮನೆ, ಮಗಳ ಮದುವೆ. ಈ ಶೇಖರ ಬಂದು ‘ಪ್ರಯೋಗ ಮಾಡ್ತೇನೆ, ನೀವೂ ಬಂದು ಕೂತ್ಕೊಳ್ಳಿ’ ಅಂದ. ಅಷ್ಟು ಹೇಳಿದವರು ಬೇರೆ ಯಾರೂ ಇರಲಿಲ್ಲ.”

ರಿಕ್ಷಾ ಇಳಿಯುವಾಗ ಅವರು ತಗ್ಗಿದ ದನಿಯಲ್ಲಿ ಕೇಳಿದರು: “ಹೊಸ ಪುಡಿ ಹಾಕಿದರೆ ಏನಾದರೂ…?”

“ಇಲ್ಲ ಸರ್. ನೀವಿದ್ದೀರಿ ಅಂತ ಆ ಬಾಲಪ್ಪನೂ ಸಿಕ್ಕಿಹಾಕ್ಕೋತಾನೆ.”

ಮರುದಿನ ಬೆಳಿಗ್ಗೆ ಮೂಟೆ ಇಳಿಸಲು ಬಂದ ಬಾಲಪ್ಪನನ್ನು ಧರ್ಮಪಾಲರು ಹತ್ತಿರ ಕರೆದರು.

“ಆ ಯಂತ್ರಕ್ಕೆ ಒಂದು ಪೈಸೆ ಹಾಕಬೇಡ. ಅದರಲ್ಲಿ ಏನೂ ಇಲ್ಲ.”

“ನೀವ ಹಾಕೀರಲ್ರೀ ಸಾವ್ಕಾರ್ರ?”

“ನಾನು ಹಾಕಿದ್ದು ಬೇರೆ ಕಾರಣಕ್ಕೆ.”

“ಯಾವ ಕಾರಣಕ್ರೀ?”

“ಹಾಕಬೇಡ ಅಂದೆನಲ್ಲ,” ಎಂದು ಗದರಿಸಿದರು. ಆಮೇಲೆ ಶೇಖರನಿಗೆ ಫೋನು ಮಾಡಿ ಇನ್ನು ತನ್ನಿಂದ ಆಗದು ಎಂದು ತಿಳಿಸಿದರು. ಆ ಕಡೆಯಿಂದ ಶೇಖರ, “ಗುರುವಾರ ಬರ್ತೀರಿಲ್ಲೋ?” ಎಂದು ಕೇಳಿದ. ಅವನ ದನಿಯಲ್ಲೂ ಒಂದು ಒಂಟಿತನವಿತ್ತು. ಅವರು ಇಲ್ಲ ಎಂದರು.

ಶ್ರೀವಿದ್ಯಾ ತನ್ನ ಲ್ಯಾಬಿಗೆ ಅವರನ್ನು ಒಂದು ದಿನ ಕರೆತರಲು ಮೇಲಿನವರನ್ನು ಕೇಳಿ ನೋಡಿದಳು. ಹೊರಗಿನವರಿಗೆ ಪ್ರವೇಶವಿಲ್ಲ ಎಂದರು. ಅದನ್ನು ಹೇಳಿದಾಗ ಧರ್ಮಪಾಲರು, “ಕೇಳಿದಿರಲ್ಲ, ಸಾಕು,” ಎಂದರು.

ದೀಪಾವಳಿಯಾದ ಮೇಲೆ ಒಂದು ಗುರುವಾರ ಕಾಲು ತಾನಾಗಿ ಸ್ಟೇಷನ್ನಿನತ್ತ ತಿರುಗಿತು. ಡೊಂಬಿವಲಿಯಲ್ಲಿ ಇಳಿದು ಅದೇ ಶೆಡ್ಡಿಗೆ ಹೋದರು. ಶೇಖರ ಖಾಲಿ ಮಾಡಿ ಹೋಗಿದ್ದ. ಈಗ ಅಲ್ಲಿ ಪ್ಲಾಸ್ಟಿಕ್ ಬಕೆಟ್ ಮಾಡುತ್ತಿದ್ದರು. ಕರಗಿದ ನೀಲಿ ಪ್ಲಾಸ್ಟಿಕ್ ಅಚ್ಚಿಗೆ ಇಳಿಯುವುದನ್ನು ಅವರು ಬಾಗಿಲಲ್ಲೇ ನಿಂತು ನೋಡಿದರು.

“ಕ್ಯಾ ಚಾಹಿಯೇ ಸೇಠ್?” ಏನು ಬೇಕೆಂದು ಕೇಳಿದ ಯಂತ್ರದ ಮುಂದಿದ್ದವನು.

“ಯೇ ಕಿತ್ನೇ ಡಿಗ್ರಿ ಪೇ ಪಿಘಲ್ತಾ ಹೈ?” ಎಷ್ಟು ಡಿಗ್ರಿಗೆ ಕರಗುತ್ತದೆ ಎಂದು ಧರ್ಮಪಾಲರು ಕೇಳಿದರು.

“ಮೀಟರ್ ಖರಾಬ್ ಹೈ. ಅಂದಾಜ್ ಸೇ ಚಲಾತಾ ಹೂಂ.” ಮೀಟರು ಕೆಟ್ಟಿದೆ, ಅಂದಾಜಿನ ಮೇಲೆ ನಡೆಸುವುದಂತೆ.

ಧರ್ಮಪಾಲರು ತಲೆಯಾಡಿಸಿದರು. ಅವನು ಇನ್ನೊಂದು ಬಕೆಟ್ ತೆಗೆಯುವವರೆಗೂ ಅಲ್ಲಿಂದ ಕದಲಲಿಲ್ಲ.