ಮುಟ್ಟುವವರೆಲ್ಲರ ಉಗುರು

"ದೂರ ಹಿಡಿಯೇ ಪಾತ್ರೆ, ಹಲ್ಕಟ್ ಮುಂಡೆ! ಮೈಮೇಲೇ ಬಂದ್ಯಲ್ಲೇ!"

ಕಮಲಾಕರ ಹೆಗಡೇರು ಅಳತೆಯ ಸಿದ್ದೆಯನ್ನು ಎದೆಯೆತ್ತರಕ್ಕೆ ಹಿಡಿದು ಅಕ್ಕಿ ಸುರಿದರು. ಅರ್ಧ ಪಾತ್ರೆಗೆ, ಅರ್ಧ ನೆಲಕ್ಕೆ. ದುರ್ಗಿ ಕೂತು ಹೆಕ್ಕಿದಳು. ಜೊತೆಗೆ ನಾನೂ. ಅಕ್ಕಿಯ ನಡುವೆ ಒಣಗಿದ ಸುಣ್ಣದ ಚೂರು ಸಿಕ್ಕಿತು, ನಿನ್ನೆಯಂತೆಯೇ. ಸೆರಗಿನ ತುದಿಗೆ ಕಟ್ಟಿಕೊಂಡೆ.

ಬಿಸಿಯೂಟ ಶುರುವಾದ ವರ್ಷ ಅದು. ಹೆಗ್ಗರಣೆ ಕಡೆಯ ನಮ್ಮೂರ ಶಾಲೆಗೆ ದುರ್ಗಿ ಅಡುಗೆಯವಳು. ಅವಳ ನಾದಿನಿ ನೀಲಾ, ಅಂದರೆ ನಾನು, ಸಹಾಯಕಿ. ಹೆಗಡೇರು ಶಾಲಾ ಸಮಿತಿಯ ಅಧ್ಯಕ್ಷರು. ನಮ್ಮ ಕೇರಿಯವರು ಮುಟ್ಟಿದರೆ ಮೂಟೆಯೆಲ್ಲ ಮೈಲಿಗೆಯೆಂದು ಉಗ್ರಾಣದ ಕೀಲಿಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು, ದಿನಾ ತಾವೇ ಬಂದು ಅಕ್ಕಿ ತೋಡಿ ಕೊಡುತ್ತಿದ್ದರು.

ದುರ್ಗಿಯ ಬೆರಳು, ಉಗುರು ಎಲ್ಲ ಕಪ್ಪು. ಹಸಿ ಅಡಿಕೆ ಸುಲಿದವರ ಕೈಯೇ ಹಾಗೆ. ಸುಗ್ಗಿ ಮುಗಿದರೂ ಬಣ್ಣ ಬೇಗ ಬಿಡದು. ಆ ಕಪ್ಪನ್ನೇ ಹಿಡಿದುಕೊಂಡು ಹೆಗಡೇರು ಆಸ್ಪತ್ರೆಗೆ ಕಾಗದ ಬರೆದರು. ಜಾತಿ ಬರೆದರೆ ಕೇಸು, ಒಬ್ಬಳ ಹೆಸರು ಬರೆದರೂ ತಕರಾರು ಎಂದು ಬಲ್ಲ ಬುದ್ಧಿವಂತರು. ಹಾಗಾಗಿ ಹೀಗೆ ಬರೆದರು: "ಊಟದ ಸಾಮಾನು ಮುಟ್ಟುವವರೆಲ್ಲರ ಚರ್ಮ, ಕೂದಲು, ಉಗುರು ಪರೀಕ್ಷಿಸಿ, ದೋಷವಿದ್ದವರನ್ನು ದೂರವಿಡತಕ್ಕದ್ದು."

ಅದರ ನಕಲು ಶಾಲೆಯ ಗೋಡೆಗೆ ಅಂಟಿತ್ತು. ನಾಲ್ಕನೇ ಇಯತ್ತೆ ಕಲಿತ ನಾನು ದುರ್ಗಿಗೆ ಓದಿ ಹೇಳಿದೆ. ಈ ಕೆಲಸ ಹೋದರೆ ಅವಳು ಮತ್ತೆ ಹೆಗಡೇರ ಅಂಗಳದಲ್ಲೇ ಅಡಿಕೆ ಸುಲಿಯಲು ಕೂರಬೇಕು. ಹುಣಸೆಹಣ್ಣು, ಸೀಮೆಎಣ್ಣೆ ಎಲ್ಲ ಹಾಕಿ ತಿಕ್ಕಿದಳು. ಚರ್ಮ ಕೆಂಪಾಯಿತೇ ಹೊರತು ಕಪ್ಪು ಹೋಗಲಿಲ್ಲ.

"ಅಲ್ವೇ ನೀಲಾ, ಇವನ ಅಡಕೆ ಸುಲ್ದು ಕಪ್ಪಾದ ಕೈಗೆ ಇವನೇ ರೋಗ ಅಂತಾನಲ್ಲೇ! ಇವನ ಬಾಯಿಗೆ ಮಣ್ಣು ಹಾಕ!" ಅಂದಳು. ಆಮೇಲೆ ತಲೆಯೆತ್ತಿ, "ಎಲ್ಲರ ಅಂತ ಬರದಾನಾ? ಸಮಾ ನೋಡಿದ್ಯಾ?" ಎಂದು ಕೇಳಿದಳು.

ಬುಧವಾರ ಹತ್ತರ ಬಸ್ಸಿಗೆ ನರ್ಸಬಾಯಿ ಗಂಗಾ ಬಂದಳು. ಹಾವೇರಿ ಕಡೆಯವಳು. ಜಗಲಿಯ ಬೆಳಕಿಗೆ ಬೆಂಚು ಎಳೆಸಿ ಕೂತಳು. ಹೆಗಡೇರು ಕಂಬಕ್ಕೆ ಒರಗಿ ನಿಂತರು. ಮಕ್ಕಳೆಲ್ಲ ಕಿಟಕಿಯಲ್ಲಿ.

ಗಂಗಾ ಕೈ ಚಾಚಿದ ಕೂಡಲೇ ದುರ್ಗಿ ತನ್ನ ಕೈ ಹಿಂದಕ್ಕೆಳೆದುಕೊಂಡಳು. ರೂಢಿ.

"ಕೈ ಕೊಡ್ರಿ. ಮುಟ್ಟದ ಹೆಂಗ ನೋಡ್ಲಿ?"

ಮುಂಗೈ ಹಿಡಿದು ಬಿಸಿ ನೋಡಿದಳು. ಚರ್ಮ ಚಿವುಟಿ ಬಿಟ್ಟಳು. ಅದು ತಟ್ಟನೆ ಸ್ವಸ್ಥಾನಕ್ಕೆ ಬಂತು. ಬೆರಳ ಸಂದು ಬಿಡಿಸಿ ನೋಡಿದಳು. ಕೈಯುಗುರಿನ ಕಪ್ಪಿನಲ್ಲಿ ರಕ್ತದ ಬಣ್ಣ ಕಾಣದೆಂದು ಬಗ್ಗಿ ಕಾಲಿನ ಹೆಬ್ಬೆರಳನ್ನೇ ಹಿಡಿದಳು.

"ಅಯ್ಯಯ್ಯ, ಕಾಲು ಮುಟ್ಟಬ್ಯಾಡಿ ರಾ! ಕಚಗುಳಿ!" ದುರ್ಗಿ ಬಿದ್ದು ಬಿದ್ದು ನಕ್ಕಳು. ಒತ್ತಿದ ಉಗುರು ಬೆಳ್ಳಗಾಗಿ ಮತ್ತೆ ಕೆಂಪಾಯಿತು.

"ತಲ್ಯಾಗ ಹೇನಿಲ್ಲ."

"ಇತ್ತು ರಾ. ನಿನ್ನೆ ನೀಲಾ ಎಲ್ಲಾ ಕುಕ್ಕಿದ್ಳು."

ಕಿಟಕಿಯೂ ನಕ್ಕಿತು. ಗಂಗಾ ನನ್ನನ್ನೂ ನೋಡಿ ಮುಗಿಸಿ ಬರೆದುಕೊಂಡಳು. "ಇದು ಅಡಿಕಿ ಕಲೆ, ರೋಗಲ್ಲ. ಉಗುರು ಸಣ್ಣಗ ತಗದಾರ. ಇಬ್ರೂ ಛಲೋ ಅದಾರ."

"ಮುಗೀತಲ್ಲ?" ಎಂದು ಹೆಗಡೇರು ಹೊರಟರು.

"ಎಲ್ಲಿ ಮುಗೀತು ರಾ?" ದುರ್ಗಿ ಗೋಡೆಯ ಕಾಗದ ತೋರಿಸಿದಳು. "ಎಲ್ಲರ ಅಂತ ಅದೆ. ಅಕ್ಕಿ ಮೊದ್ಲು ಮುಟ್ಟೋರು ಒಡೇರು."

ನಾನು ಸೆರಗಿನ ಗಂಟು ಬಿಚ್ಚಿ ಸುಣ್ಣದ ಚೂರುಗಳನ್ನು ಬೆಂಚಿನ ಮೇಲೆ ಸುರಿದೆ.

"ಅಧ್ಯಕ್ಷರ, ಕೈ ತೋರಸ್ರಿ," ಅಂದಳು ಗಂಗಾ.

"ಎಂತಕ್ಕೆ? ನಾನೇನು ಅಡಿಗೆ ಭಟ್ಟನಾ?"

"ನೀವ ಬರದೀರಲ್ರಿ. ಸಹಿನೂ ನಿಮ್ದ ಐತಿ."

ಕಿಟಕಿಯತ್ತ ನೋಡಿ ಹೆಗಡೇರು ಕೈ ಚಾಚಿದರು. ಬಲಗೈಯ ಕಿರುಬೆರಳಲ್ಲಿ ಅರ್ಧ ಬೆರಳುದ್ದದ ಉಗುರು; ಕೆಳಗೆ ಸುಣ್ಣ, ತಂಬಾಕು, ಇನ್ನೂ ಏನೇನೋ.

"ಇದ್ಯಾಕ್ರಿ?"

"ಕವಳಕ್ಕೆ... ಎಲೆಗೆ ಸುಣ್ಣ ಹಚ್ಚಲಿಕ್ಕೆ."

"ಗಡಿಯಾರ ಬಿಚ್ರಿ."

ಪಟ್ಟಿಯ ಅಡಿಯಲ್ಲಿ ರೂಪಾಯಿಯಗಲದ ಕೆಂಪು ಉಂಗುರ. ಗಂಗಾ ಬೆಳಕಿಗೆ ತಿರುಗಿಸಿ ನೋಡಿದಳು. "ಹುಳಕಡ್ಡಿ. ಇನ್ನೊಬ್ಬರಿಗೆ ಹತ್ತತೈತಿ. ಉಗುರು ತಗೀರಿ. ಮುಲಾಮು ಹಚ್ರಿ. ವಾಸಿ ಆಗೂತನ ಅಕ್ಕಿ ಮುಟ್ಟಬ್ಯಾಡ್ರಿ. ಕೀಲಿಕೈ ಆಕಿಗೆ ಕೊಡ್ರಿ."

ಜನಿವಾರದ ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಹೆಗಡೇರು ಕೀಲಿಕೈ ಹಿಡಿದು ದುರ್ಗಿಯ ಹತ್ತಿರಕ್ಕೇ ಬಂದರು. ಅವರ ಕೈ ಅಷ್ಟು ಕೆಳಕ್ಕಿಳಿದದ್ದನ್ನು ನಾನು ಕಂಡದ್ದು ಅದೇ ಮೊದಲು.

ದುರ್ಗಿ ಎರಡು ಹೆಜ್ಜೆ ಹಿಂದೆ ಸರಿದು ಪಾತ್ರೆ ಒಡ್ಡಿದಳು.

"ದೂರ ದೂರ! ಅಲ್ಲಿಂದ್ಲೇ ಬಿಡಿ ಅಧ್ಯಕ್ಷರೇ. ಹತ್ತತದಂತೆ ನಿಮ್ದು."

ಕೀಲಿಕೈ ಠಣ್ಣೆಂದು ಪಾತ್ರೆಗೆ ಬಿತ್ತು. ದುರ್ಗಿ ಅದರ ಮೇಲೆ ಎರಡು ಚೊಂಬು ನೀರು ಹೊಯ್ದು, ತೊಳೆದು, ಉಗ್ರಾಣದ ಕಡೆ ನಡೆದಳು.