ಒಂಬತ್ತು ಡಿಗ್ರಿ ತಪ್ಪು

ಅಂಗೈಯಗಲದ ಆ ಯಂತ್ರಕ್ಕೆ ಸಣ್ಣದೊಂದು ಸೆಲ್ ತಿಂಗಳುಗಟ್ಟಲೆ ಸಾಕಾಗುತ್ತಿತ್ತು. ಇಟ್ಟಲ್ಲೇ ಇದ್ದರೆ ಮಲಗಿಬಿಡುವುದು. ಕೈಗೆತ್ತಿಕೊಂಡರೆ ಅಲುಗಾಟ ತಿಳಿದು ಎದ್ದು, ಭೂಮಿಯ ಕಾಂತಸೆಳೆತ ಹಿಡಿದು ದಿಕ್ಕು ತೋರಿಸುವುದು. ಪುಣೆಯ ಕಂಪನಿಯೊಂದು ಅಫಜಲಪುರದ ಖಾಸಗಿ ಅಳತೆ ಕಚೇರಿಗೆ ಅದನ್ನು ಪರೀಕ್ಷೆಗೆಂದು ಕಳಿಸಿತ್ತು. ಬಿ.ಎಸ್ಸಿ. ಓದಿದವಳೆಂದು ಸಾಹೇಬರು ಜಗದೇವಿಯ ಕೈಗೆ ಕೊಟ್ಟಿದ್ದರು. ಷರತ್ತು ಒಂದೇ: ಜೀಪಿನಿಂದ ಇಳಿದು ದೂರ ನಿಂತು, ಗಾಳಿಯಲ್ಲಿ ಇಂಗ್ಲಿಷ್ ಎಂಟು ಬರೆದಂತೆ ಅದನ್ನು ನಾಲ್ಕಾರು ಸಲ ತಿರುಗಿಸಬೇಕು. ಆಗಲೇ ಕಬ್ಬಿಣದ ಸಹವಾಸ ಮರೆತು ಅದು ಸರಿಯಾದ ದಿಕ್ಕು ಹೇಳುವುದು.

ಘತ್ತರಗಿ ಬದಿಯ ಹೊಲವೊಂದರಲ್ಲಿ ಹೊಳೆಯ ನೀರು ನುಗ್ಗಿ ಬದು ಕೊಚ್ಚಿ ಹೋಗಿತ್ತು. ಅತ್ತ ಮಲ್ಕಪ್ಪನ ಪಾಲು, ಇತ್ತ ಅವನ ಅತ್ತಿಗೆ ಸಾಬವ್ವನದು. ಬಾವಿಯ ಕಲ್ಲಿನಿಂದ ಗಡಿ ಯಾವ ದಿಕ್ಕಿಗೆ ಹೋಗಬೇಕೆಂದು ಹಳೆಯ ಪಾಲುಪತ್ರದಲ್ಲಿ ಡಿಗ್ರಿ ಸಮೇತ ಬರೆದಿತ್ತು. ಬದುವಿಗೆ ಹತ್ತಿದಂತೆ, ಸಾಬವ್ವನ ಕಡೆಗೆ, ಅವಳ ಗಂಡನನ್ನು ಮಣ್ಣು ಮಾಡಿದ ಜಾಗ.

ಅಳತೆಯ ದಿನ ಓಣಿಯೇ ಹೊಲಕ್ಕೆ ಬಂದಿತ್ತು. ಜಗದೇವಿ ಯಂತ್ರ ಹಿಡಿದು ಒಂದು ಸುತ್ತು ತಿರುಗಿಸಿದಳೋ ಇಲ್ಲವೋ, ಮಲ್ಕಪ್ಪ ಸುರುಮಾಡಿದ.

“ಯಾರ ದೃಷ್ಟಿ ತಗ್ಯಾಕತ್ತಿ ತಂಗಿ? ಉಪ್ಪು ಮೆಣಸಿನಕಾಯಿ ತರಿಸ್ಲೇನು?”

ಜನ ಬಿದ್ದು ಬಿದ್ದು ನಕ್ಕರು. ಜಗದೇವಿಯ ಕಿವಿ ಬಿಸಿಯಾಗಿ ಕೈ ತಾನಾಗಿ ಕೆಳಗಿಳಿಯಿತು. ಇಷ್ಟಕ್ಕೆ ಏನಾದೀತು ಎಂದುಕೊಂಡು ಯಂತ್ರ ತೋರಿಸಿದತ್ತಲೇ ಸುಣ್ಣದ ಗೆರೆ ಹಾಕಿಸಿದಳು. ಅತ್ತೆ ತೋರಿಸಿದ ಗಡಿ ಇದಲ್ಲ ಎಂದು ಸಾಬವ್ವ ಒಮ್ಮೆ ಮಾತ್ರ ಅಂದಳು. ಯಂತ್ರಕ್ಕಿಂತ ನಿನಗೆ ಹೆಚ್ಚು ಗೊತ್ತೇನು ಎಂದು ಜನ ಬಾಯಿ ಮುಚ್ಚಿಸಿದರು. ಸಮಾಧಿ ಮಲ್ಕಪ್ಪನ ಪಾಲಿಗೆ ಹೋಯಿತು.

ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ಜಗದೇವಿ ಯಂತ್ರದಲ್ಲಿ ಕಿಟಕಿಯ ದಿಕ್ಕು ನೋಡಿದಳು. ಆಮೇಲೆ ಆರು ಸಲ ಎಂಟು ಬರೆದು ಮತ್ತೆ ನೋಡಿದಳು. ಒಂಬತ್ತು ಡಿಗ್ರಿ ವ್ಯತ್ಯಾಸ. ಇನ್ನೂರು ಹೆಜ್ಜೆಯ ಗೆರೆಯ ತುದಿಯಲ್ಲಿ ಅದು ಮೂವತ್ತು ಹೆಜ್ಜೆ. ನಾಲ್ಕು ದಿನ ಸಾಹೇಬರ ಮೇಜಿನವರೆಗೂ ಹೋಗಿ, ಬೇರೇನೋ ಕೇಳಿ ತಿರುಗಿ ಬಂದಳು. ಐದನೆಯ ದಿನ ಒಬ್ಬಳೇ ಬಸ್ಸು ಹತ್ತಿದಳು.

ಸಾಬವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಜಗದೇವಿ ತಲೆ ಎತ್ತದೆ ಎಲ್ಲ ಹೇಳಿದಳು: ನಗುತ್ತಾರೆಂದು ನಾಚಿ ಕೈ ಇಳಿಸಿದ್ದು, ತಪ್ಪು ತಿಳಿದೂ ನಾಲ್ಕು ದಿನ ಸುಮ್ಮನಿದ್ದದ್ದು.

“ನಾಳಿ ಎಲ್ಲಾರ ಮುಂದ ಗೆರಿ ತಿದ್ದತೇನಿ ಆಯಿ.”

ಸಾಬವ್ವನ ಕೈಯ ಮೊರ ನಿಂತಿತು.

“ತಿದ್ದು. ಹೊಲ ತಿರುಗಿ ಬರ್ತದ. ಸಮಾಧಿ ಮ್ಯಾಲ ನೇಗಿಲಾ ಹೊಡಿಬ್ಯಾಡಪ್ಪಾ ಅಂತ ಮೊನ್ನಿ ಆ ಮೈದುನನ ಕಾಲು ಹಿಡದು ಬಂದೇನಿ. ನಾ ಎತ್ತಿ ಆಡಿಸಿದ ಹುಡುಗ ಅಂವ. ಅದನ್ನ ಹ್ಯಾಂಗ ತಿದ್ದತಿ ಬೇ?”

ಸಾಬವ್ವ ಮತ್ತೆ ಜೋಳ ಕೇರತೊಡಗಿದಳು. ಕುಡಿಯಲು ನೀರು ಬೇಕೇನೆಂದು ಕೇಳಲಿಲ್ಲ, ಹೋಗೆಂದೂ ಅನ್ನಲಿಲ್ಲ.

ಜಗದೇವಿ ಎದ್ದಳು. ಮಲ್ಕಪ್ಪನ ಮನೆಯ ಕಟ್ಟೆಯ ಮೇಲೆ ಐದಾರು ಮಂದಿ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಅವಳನ್ನು ಕಂಡು ಯಾರೋ ಆಗಲೇ ನಗತೊಡಗಿದ್ದರು. ಅವಳು ಅವರತ್ತಲೇ ನಡೆದಳು.